ಒಂದು ದ್ವೀಪದ ಮೇಷ್ಟರುಗಳ ತಲೆಲೆಕ್ಕ

ಆ ದ್ವೀಪದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿನ ಕಾಲೇಜಿನಲ್ಲಿ ಎಷ್ಟು ಮಂದಿ ಪಾಠ ಮಾಡುತ್ತಿದ್ದರು ಎಂಬುದನ್ನೂ ಬರೆಯುವುದಿಲ್ಲ. ಸಂಖ್ಯೆ ಅಷ್ಟು ಚಿಕ್ಕದು. ಅದನ್ನು ಹೇಳಿದರೆ ದ್ವೀಪದ ಹೆಸರು ಹೇಳಿದಂತೆ, ದ್ವೀಪದ ಹೆಸರು ಹೇಳಿದರೆ ಆ ಮೇಷ್ಟರುಗಳ ಮನೆಮನೆಗೂ ಬೆರಳು ತೋರಿಸಿದಂತೆ. ಓದುವವರ ಅಂದಾಜಿಗೆ ಇಷ್ಟು ಸಾಕು: ಆ ಇಡೀ ನಾಡಿನ ಕಾಲೇಜು ಅಧ್ಯಾಪಕರನ್ನೆಲ್ಲ ಮೈಸೂರಿನ ಒಂದು ಸಿಟಿ ಬಸ್ಸಿಗೆ ಹತ್ತಿಸಿದರೆ, ಆಮೇಲೆ ಹತ್ತಿದವರಿಗೂ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು.

2006ರಲ್ಲಿ ನಾನು ಕ್ಯಾಲಿಫೋರ್ನಿಯಾದ ಲಾ ಹೋಯಾದ ಕ್ಯಾಂಪಸ್ಸಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್. ಮುಗಿಸುವ ಹಂತದಲ್ಲಿದ್ದೆ. ಜೊತೆಗೆ ಒಬ್ಬ ಪ್ರೊಫೆಸರರ ಬಳಿ ಸಹಾಯಕಿಯ ಕೆಲಸ. ಯಾವ ನಾಡಿನಲ್ಲಿ ಎಷ್ಟು ಜನ ಕಾಲೇಜು ಅಧ್ಯಾಪಕರಿದ್ದಾರೆ ಎಂಬ ದೊಡ್ಡ ಕೋಷ್ಟಕವೊಂದನ್ನು ಅವರು ವರ್ಷಗಳಿಂದ ಕಟ್ಟುತ್ತಿದ್ದರು. ಪ್ರತಿ ನಾಡಿಗೂ ಎರಡು ಕಲಂ. ಮೊದಲನೆಯದರಲ್ಲಿ ತಲೆಗಳ ಲೆಕ್ಕ: ಒಬ್ಬ ಮನುಷ್ಯ ಎಂದರೆ ಒಂದು. ಎರಡನೆಯದರಲ್ಲಿ ದುಡಿಮೆಯ ಲೆಕ್ಕ: ಅರ್ಧ ಹೊತ್ತು ಪಾಠ ಮಾಡುವವರು ಅಲ್ಲಿ ಅರ್ಧ. ಕೋಷ್ಟಕದಲ್ಲಿ ಅಂಕಿಯಿಲ್ಲದೆ ಖಾಲಿ ಉಳಿದ ಮನೆಗಳನ್ನು ಹುಡುಕಿ ತುಂಬುವುದು ನನ್ನ ಪಾಲಿಗೆ ಬಂದ ಕೆಲಸ. ನನಗೆ ಅದು ಇಷ್ಟವಾಗಿತ್ತು. ಯಾರೊಂದಿಗೂ ಹೆಚ್ಚು ಮಾತಾಡಬೇಕಾಗಿರಲಿಲ್ಲ.

ಕೋಷ್ಟಕದ ಕೊನೆಯ ಭಾಗದಲ್ಲಿ, ದಕ್ಷಿಣ ಪೆಸಿಫಿಕ್ಕಿನ ಸಣ್ಣ ಸಣ್ಣ ನಾಡುಗಳ ನಡುವೆ, ಈ ದ್ವೀಪದ ಸಾಲಿತ್ತು. ನನಗಿಂತ ಮುಂಚೆ ಇದ್ದ ಸಹಾಯಕ ಯಾರೋ ಅಲ್ಲಿ ಸೊನ್ನೆ ಹಾಕಿ ಹೋಗಿದ್ದ. ಪ್ರೊಫೆಸರರು ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೆರೆ ಎಳೆದರೆ ನಮಗೆ ಗೊತ್ತಿಲ್ಲ ಅಂತ ಅರ್ಥ. ಸೊನ್ನೆ ಹಾಕಿದರೆ ಅಲ್ಲಿ ಯಾರೂ ಇಲ್ಲ ಅಂತ ಅರ್ಥ. ಪಾಪ, ಅಲ್ಲಿ ಯಾರೋ ಎದ್ದು, ಮುಖ ತೊಳೆದು, ಪಾಠ ಮಾಡೋಕೆ ಹೋಗ್ತಿರಬಹುದು. ಕೇಳಿ ನೋಡು."

ಈಮೇಲ್ ಕಳಿಸಿದೆ, ಉತ್ತರವಿಲ್ಲ. ಇನ್ನೊಂದು ಕಳಿಸಿದೆ, ಅದಕ್ಕೂ ಇಲ್ಲ. ಕೊನೆಗೆ ಡಿಪಾರ್ಟ್‌ಮೆಂಟಿನ ಫೋನಿನಿಂದ ಕಾಲೇಜಿಗೇ ಫೋನ್ ಮಾಡಿದೆ. ನಮ್ಮ ಮಧ್ಯಾಹ್ನ ಅವರಿಗೆ ಬೆಳಗ್ಗೆ. ಹೆಂಗಸೊಬ್ಬರು ಎತ್ತಿದರು. ತಾವು ಆ ಕಾಲೇಜಿನ ರಿಜಿಸ್ಟ್ರಾರ್ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಮೊದಲೇ ಬರೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಒಂದೇ ಉಸಿರಿಗೆ ಓದಿ ಹೇಳಿದೆ.

"ಎಷ್ಟು ಜನ ಮೇಷ್ಟರುಗಳು ಅಂತಲಾ? ಇರು ಮಗಳೇ, ನೋಡ್ಕೊಂಡು ಬರ್ತೀನಿ."

ಕಚೇರಿಯ ವಿಳಾಸ ಕೊಡಿ, ಲಿಖಿತವಾಗಿ ತಿಳಿಸುತ್ತೇವೆ ಎಂಬಂಥ ಉತ್ತರಕ್ಕೆ ನಾನು ಸಿದ್ಧಳಾಗಿದ್ದೆ. ನೋಡಿಕೊಂಡು ಬರುತ್ತೇನೆ ಎಂಬ ಉತ್ತರ ಅಷ್ಟರವರೆಗೆ ಯಾವ ನಾಡಿನಿಂದಲೂ ಬಂದಿರಲಿಲ್ಲ. ಆಕೆ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಚಪ್ಪಲಿಯ ಸದ್ದು ದೂರವಾಯಿತು. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ನಡುವೆ ಒಂದು ಕೋಳಿ ಫೋನಿನ ತೀರ ಹತ್ತಿರಕ್ಕೆ ಬಂದು ಏನನ್ನೋ ವಿಚಾರಿಸಿ ಹೋಯಿತು. ಒಂದು ನಾಡಿನ ಉನ್ನತ ಶಿಕ್ಷಣದ ಗಣತಿ ನನ್ನ ಕಿವಿಗೆ ಕೇಳುವಂತೆ ನಡೆಯುತ್ತಿತ್ತು.

ಆಕೆ ಏದುಸಿರು ಬಿಡುತ್ತಾ ವಾಪಸ್ಸು ಬಂದು ಸಂಖ್ಯೆ ಹೇಳಿದರು. "ಒಬ್ಬರು ಮರದ ಕೆಳಗೆ ಪಾಠ ಮಾಡ್ತಾ ಇದ್ರು. ಅವರನ್ನೂ ಸೇರಿಸಿದೀನಿ."

ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ಪಕ್ಕದ ಮೇಜಿನವರು ತಲೆ ಎತ್ತುವಷ್ಟರಲ್ಲಿ ನಾನು ಹೊರಗೆ ಓಡಿದ್ದೆ. ನೀಲಗಿರಿ ಮರಗಳ ನಡುವೆ ನಿಂತು, ಸ್ವೆಟರಿನ ತೋಳಿಗೆ ಬಾಯಿ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಆ ಡಿಪಾರ್ಟ್‌ಮೆಂಟಿನಲ್ಲಿ ನನ್ನ ನಗುವನ್ನು ಯಾರೂ ಕೇಳಿರಲಿಲ್ಲ. ಅಂದೂ ಕೇಳಲಿಲ್ಲ ಅಂದುಕೊಂಡಿದ್ದೇನೆ.

ಮರುವಾರ ದ್ವೀಪದ ಸರ್ಕಾರದ ಕಚೇರಿಯಿಂದ ಒಂದು ಫ್ಯಾಕ್ಸ್ ಬಂತು. ಅವರ ಸಂಖ್ಯೆ ರಿಜಿಸ್ಟ್ರಾರ್ ಹೇಳಿದ್ದಕ್ಕಿಂತ ಒಂದು ಹೆಚ್ಚು. ದೊಡ್ಡ ದೇಶಗಳ ಲೆಕ್ಕದಲ್ಲಿ ಸಾವಿರ ಆಚೀಚೆಯಾದರೂ ನಾವು ಅಡಿಟಿಪ್ಪಣಿ ಬರೆದು ಮುಂದೆ ಹೋಗುತ್ತಿದ್ದೆವು. ಆದರೆ ಈ ದ್ವೀಪದಲ್ಲಿ ಒಂದು ಎಂದರೆ ಒಂದು ವಿಷಯ, ಒಂದು ಕೋಣೆ, ಕೆಲವು ಹುಡುಗರ ಇಡೀ ಭವಿಷ್ಯ. ಮತ್ತೆ ಫೋನ್ ಮಾಡಿದೆ.

"ಸರ್ಕಾರದವರು ಹಾಗೇ, ಹೋದವರ ಹೆಸರನ್ನ ಹೊಡೆದುಹಾಕೋದಿಲ್ಲ," ಎಂದರು ರಿಜಿಸ್ಟ್ರಾರ್. "ನಮ್ಮ ಲೆಕ್ಕದ ಮೇಷ್ಟರು ಕೆಲಸ ಬಿಟ್ಟು ದೊಡ್ಡ ದ್ವೀಪಕ್ಕೆ ಹೋಗಿ ತಿಂಗಳುಗಳಾದವು. ಅವರ ಸೀಟು ಖಾಲಿ. ನಮಗೆ ಮಂಜೂರಾಗಿರೋದು ಇಷ್ಟೇ ಸೀಟು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅದರಲ್ಲಿ ಒಂದು ಖಾಲಿ." ಮಾತು ಬದಲಿಸಿ, "ಅಂದಹಾಗೆ ನೀನು ಏನು ಓದ್ತಿದೀಯ ಅಂದೆ?"

"ಸಂಖ್ಯಾಶಾಸ್ತ್ರ."

"ಮದುವೆ?"

"ಆಗಿಲ್ಲ."

"ಈಜು ಬರುತ್ತಾ?"

"ಇಲ್ಲ."

"ಅದನ್ನ ಹೇಳ್ಕೊಡ್ತೀವಿ. ನೀನು ಅಪ್ಲೈ ಮಾಡು."

ಆ ಮಧ್ಯಾಹ್ನ ನಾನು ಸಮುದ್ರದ ಕಡೆಯ ಬಂಡೆಯ ಅಂಚಿಗೆ ನಡೆದುಕೊಂಡು ಹೋದೆ. ಬೆನ್ನಿಗೆ ಬಣ್ಣದ ಬಟ್ಟೆಯ ರೆಕ್ಕೆ ಕಟ್ಟಿಕೊಂಡ ಜನ ಅಲ್ಲಿಂದ ಗಾಳಿಗೆ ಧುಮುಕಿ ಹಾರುತ್ತಾರೆ. ಎಷ್ಟೋ ಸಲ ನೋಡಿದ್ದೆ. ಇವರಿಗೆಲ್ಲ ಬುದ್ಧಿ ಇಲ್ಲವೇ ಎಂದುಕೊಂಡಿದ್ದೆ. ಅಂದು ನೋಡುತ್ತಾ ನಿಂತಾಗ ನನ್ನ ಕಾಲೂ ನೆಲದ ಮೇಲೆ ನಿಲ್ಲಲೊಲ್ಲದಾಯಿತು. ಭಾರತದಲ್ಲಿ ನಾನು ಮೇಷ್ಟ್ರಾದರೆ ಯಾವ ಕೋಷ್ಟಕಕ್ಕೂ ಸುದ್ದಿಯಿಲ್ಲ. ಅಮೆರಿಕದಲ್ಲಿ ಆದರೂ ಇಲ್ಲ. ಆ ದ್ವೀಪಕ್ಕೆ ಹೋಗಿ ಬಸ್ಸಿಳಿದರೆ ಸಾಕು, ಒಂದು ನಾಡಿನ ಅಂಕಿ ಬದಲಾಗುತ್ತದೆ. ಈ ಯೋಚನೆ ನೇರ ತಲೆಗೇರಿತು. ಆ ದ್ವೀಪದಲ್ಲಿ ಬಸ್ಸಿದೆಯೋ ಇಲ್ಲವೋ ಎಂದು ಆಮೇಲೆ ಹೊಳೆಯಿತು.

ಅಪ್ಲೈ ಮಾಡಿದೆ. ಡಿಸೆಂಬರಿಗೆ ಓದು ಮುಗಿಯುತ್ತಿತ್ತು, ಅವರ ಹೊಸ ವರ್ಷದ ಪಾಠ ಅದರ ಬೆನ್ನಿಗೇ ಶುರು. ಹೇಳಿ ಮಾಡಿಸಿದಂತಿತ್ತು. ಒಂದೇ ತೊಡಕು. ಮೈಸೂರಿಗೆ ಫೋನ್ ಮಾಡಿ ಅಮ್ಮಿಗೆ ಹೇಳಿದಾಗ ಅವರು, "ನನಗೆ ಆ ಕಡೆಯದೇನೂ ಗೊತ್ತಾಗೋದಿಲ್ಲ. ನಿನ್ನ ಖಾಲಾ ಹ್ಞೂಂ ಅಂದ್ರೆ ನಂದೂ ಹ್ಞೂಂ. ಅವಳು ಉಹ್ಞೂಂ ಅಂದ್ರೆ ನಂದೂ ಅದೇ," ಎಂದುಬಿಟ್ಟರು.

ಖಾಲಾ ಎಂದರೆ ಅಮ್ಮಿಯ ತಂಗಿ. ಲಾಸ್ ಏಂಜಲೀಸಿನ ಪೂರ್ವಕ್ಕೆ, ವಾಲ್‌ನಟ್‌ನಲ್ಲಿ ಅವರ ಮನೆ. ಶನಿವಾರ ಬಂತೆಂದರೆ ನಾನು ಡೆಲ್ ಮಾರ್ ದಾಟಿ ಹೋಗುವ ಬಸ್ಸು ಹಿಡಿದು, ಆಮೇಲೆ ರೈಲು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಸ್ಟೇಷನ್ನಿಗೆ ಅವರ ಗಂಡ, ಅಂದರೆ ಖಾಲು, ಕಾರು ತರುತ್ತಿದ್ದರು. ಮದುವೆಯಾಗಿ ಬರುವ ಮುಂಚೆ ಖಾಲಾ ಮೈಸೂರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದರು. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಲೆಕ್ಕ ಮಾಡುವುದಕ್ಕೆ, ವಾದ ಮಾಡುವುದಕ್ಕೆ, ಬೈಯುವುದಕ್ಕೆ ಖಾಲಾಗೆ ಕನ್ನಡವೇ ಆಗಬೇಕು. ನಮ್ಮಿಬ್ಬರ ಜಗಳಗಳೆಲ್ಲ ಹಾಗಾಗಿ ಒಳ್ಳೆಯ ಮೈಸೂರು ಕನ್ನಡದಲ್ಲಿ ನಡೆಯುತ್ತಿದ್ದವು.

ಟೀಚರಿಕೆ ಬಿಟ್ಟು ಅಷ್ಟು ವರ್ಷವಾಗಿದ್ದರೂ ಹಾಜರಿ ತೆಗೆಯುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಕಾರು ಹೊರಡುವ ಮುಂಚೆ ಹಿಂದಿನ ಸೀಟಿನವರನ್ನು ಎಣಿಸುತ್ತಿದ್ದರು. ಊಟಕ್ಕೆ ಮುಂಚೆ ತಟ್ಟೆ ಎಣಿಸುತ್ತಿದ್ದರು. ತಟ್ಟೆ ಎಣಿಸುವಾಗ ಮಾತ್ರ ಯಾವಾಗಲೂ ಒಂದು ಕಡಿಮೆ, ಏಕೆಂದರೆ ತಮ್ಮನ್ನು ಅವರು ಎಂದೂ ಸೇರಿಸುತ್ತಿರಲಿಲ್ಲ. ಬಡಿಸುವವಳು ಕೊನೆಗೆ ತಿನ್ನುತ್ತಾಳೆ, ಅಷ್ಟರಲ್ಲಿ ಯಾರದಾದರೂ ತಟ್ಟೆ ಖಾಲಿಯಾಗಿರುತ್ತದೆ ಎಂಬ ಲೆಕ್ಕ. ಅವರ ತಾಯಿ, ನಮ್ಮ ನಾನಿಯೂ ಹಾಗೆಯೇ ಎಣಿಸುತ್ತಿದ್ದರು, ಅಮ್ಮಿಯೂ ಹಾಗೆಯೇ.

ದ್ವೀಪದ ಸುದ್ದಿಯನ್ನು, ಫ್ಯಾಕ್ಸಿನಲ್ಲಿ ಹೆಚ್ಚಾಗಿ ಬಂದ ಆ ಒಂದರ ಸಮೇತ, ಹೇಳಿದ ದಿನ ಖಾಲಾ ಈರುಳ್ಳಿ ಹೆಚ್ಚುತ್ತಿದ್ದರು. ಹೆಚ್ಚುತ್ತಲೇ ಇದ್ದರು.

"ಅಲ್ಲಿ ನಮ್ಮೋರು ಯಾರಿದಾರೆ?"

"ಯಾರೂ ಇಲ್ಲ ಖಾಲಾ."

"ಜ್ವರ ಬಂದ್ರೆ?"

"ಆಸ್ಪತ್ರೆ ಇದೆ. ಅಲ್ಲಿನ ನರ್ಸೇ ಕಾಲೇಜಿಗೂ ಬಂದು ಪಾಠ ಮಾಡ್ತಾರೆ."

"ನರ್ಸು ಪಾಠ ಮಾಡೋಕೆ ಹೋದಾಗ ಜ್ವರ ಬಂದ್ರೆ?"

ಖಾಲಾಳ ಮಗಳು, ಆಗ ಹನ್ನೊಂದರ ಹುಡುಗಿ, ತನ್ನ ಕೋಣೆಯಿಂದ ಗ್ಲೋಬ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತಿರುಗಿಸಿದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಾಮ್, ಇಟ್ಸ್ ನಾಟ್ ಈವನ್ ಅ ಡಾಟ್," ಎಂದಳು. ಚುಕ್ಕೆಯೂ ಇಲ್ಲ, ನೀಲಿಯ ಮೇಲೆ ಬರೀ ಹೆಸರಿತ್ತು.

"ನೋಡು," ಎಂದರು ಖಾಲಾ. "ಇಲ್ಲೇ ಹತ್ತಿರದಲ್ಲಿ ಅಷ್ಟು ದೊಡ್ಡ ಕಾಲೇಜಿದೆ. ಅಪ್ಲೈ ಮಾಡು. ಮೇಲಿನ ರೂಮು ಖಾಲಿ ಬಿದ್ದಿದೆ. ಬೆಳಗ್ಗೆ ನಾನೇ ಡ್ರೈವ್ ಮಾಡ್ಕೊಂಡು ಬಿಟ್ಟುಬರ್ತೀನಿ, ಮಧ್ಯಾಹ್ನಕ್ಕೆ ಡಬ್ಬಿ ಕಟ್ತೀನಿ. ನೀರಿನ ಮಧ್ಯ ಹೋಗಿ ಕೂತ್ಕೊಂಡು ಏನು ಮಾಡ್ತೀಯ?"

ಖಾಲಾ ಕೆಟ್ಟದ್ದನ್ನೇನೂ ಹೇಳುತ್ತಿರಲಿಲ್ಲ. ಅದೇ ಕಷ್ಟ. ಆ ರೂಮಿನ ಕಿಟಕಿಗೆ ಅವರು ನನಗಾಗಿಯೇ ಹೊಸ ಪರದೆ ಹೊಲಿದು ಹಾಕಿದ್ದರು. ನಾನು ಹೋಗಬೇಕು, ಅವರ ಬಾಯಿಂದ ಹ್ಞೂಂ ಬರಬೇಕು, ಆ ಹ್ಞೂಂ ಯಾವ ದಿಕ್ಕಿನಿಂದಲೂ ಬರುವ ಹಾಗೆ ಕಾಣುತ್ತಿರಲಿಲ್ಲ.

ಇಂಟರ್‌ವ್ಯೂ ಫೋನಿನಲ್ಲೇ ಎಂದಾಯಿತು. ಶನಿವಾರ ಆ ದ್ವೀಪದ ದೋಣಿ ಹೊರಡುವುದಿಲ್ಲ, ಹಾಗಾಗಿ ಎಲ್ಲರೂ ಸಿಗುತ್ತಾರೆ ಎಂದು ರಿಜಿಸ್ಟ್ರಾರ್ ಶನಿವಾರ ಗೊತ್ತು ಮಾಡಿದರು. ಅದು ಈದ್ ಮುಗಿದ ಬೆನ್ನಿಗೆ ಬಂದ ಶನಿವಾರ. ವಾಲ್‌ನಟ್‌ನಲ್ಲಿ ಖಾಲಾ ಊಟಕ್ಕೆ ಕರೆದಿದ್ದ ದಿನ. ತಪ್ಪಿಸುವ ಹಾಗಿರಲಿಲ್ಲ. ಖಾಲಾಳ ಮನೆಯ ನಂಬರನ್ನೇ ಕೊಟ್ಟೆ.

ಅಂದು ಮನೆ ತುಂಬಾ ಬಿರಿಯಾನಿಯ ಘಮ. ಪಕ್ಕದ ಬೀದಿಯ ಧಾರವಾಡದ ಅಂಕಲ್ ಮತ್ತು ಆಂಟಿ ಎಲ್ಲರಿಗಿಂತ ಮುಂಚೆ ಬಂದಿದ್ದರು. ಸಾಫ್ಟ್‌ವೇರ್ ಎಂಜಿನಿಯರ್, ಶುದ್ಧ ಸಸ್ಯಾಹಾರಿ. ಅವರಿಗಾಗಿ ಖಾಲಾ ಪ್ರತಿ ಈದಿಗೂ ಹೊಸ ಪಾತ್ರೆಯಲ್ಲಿ ಬೇರೆಯಾಗಿ ತರಕಾರಿ ಪಲಾವ್ ಮಾಡುತ್ತಿದ್ದರು. ಅಂಕಲ್ ನನ್ನನ್ನು ನೋಡಿದ್ದೇ ಶುರು ಮಾಡಿದರು.

"ಏನವಾ, ದ್ವೀಪಕ್ಕ ಹೊಂಟೀಯಂತ? ಅಲ್ಲೆ ಜ್ವಾಳದ ರೊಟ್ಟಿ ಸಿಗ್ತದೇನು?"

"ಗೊತ್ತಿಲ್ಲ ಅಂಕಲ್. ಮೀನು ಸಿಗುತ್ತೆ."

"ಹಂಗಾರ ನಾನು ನಿನ್ನ ನೋಡಾಕ ಬರೂದಿಲ್ಲ ತಗೋ."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ನಾನು ಮಹಡಿಯ ಬೆಡ್‌ರೂಮಿಗೆ ಓಡಿ, ಬಾಗಿಲು ಹಾಕಿ, ಎತ್ತಿದೆ. ಅದೇ ಲೈನಿನ ಇನ್ನೊಂದು ಕಾರ್ಡ್‌ಲೆಸ್ ಫೋನ್ ಅಡುಗೆಮನೆಯಲ್ಲಿದೆ ಎಂಬುದು ಗೊತ್ತಿತ್ತು. ಬರಲಿರುವ ಅತಿಥಿಗಳು ಫ್ರೀವೇಯಿಂದ ದಾರಿ ಕೇಳಿ ಫೋನ್ ಮಾಡುತ್ತಾರೆಂದು ಖಾಲಾ ಅದನ್ನು ಕೈಯಳತೆಯಲ್ಲೇ ಇಟ್ಟುಕೊಂಡಿರುತ್ತಾರೆ ಎಂಬುದು ಮಾತ್ರ ಆ ಗಡಿಬಿಡಿಯಲ್ಲಿ ಮರೆತಿತ್ತು.

ಆ ಕಡೆ ಸ್ಪೀಕರಿನಲ್ಲಿ ಇಡೀ ಕೋಣೆ. ಪ್ರಿನ್ಸಿಪಾಲರ ವಯಸ್ಸಾದ ಧ್ವನಿ ನನ್ನನ್ನು ಸ್ವಾಗತಿಸಿತು. ಆಮೇಲೆ ಒಬ್ಬೊಬ್ಬರೂ ತಾವು ಕಲಿಸುವ ವಿಷಯ ಹೇಳಿ ನಮಸ್ಕರಿಸಿದರು. ಕೃಷಿ, ಮರಗೆಲಸ, ಇತಿಹಾಸ, ನರ್ಸಿಂಗ್, ಹಡಗು ನಡೆಸುವುದು. ನಮಸ್ಕಾರಗಳು ಮುಗಿಯುತ್ತಾ ಬಂದ ಹಾಗೆ ನನಗೆ ಹೊಳೆಯಿತು: ಕೋಷ್ಟಕದಲ್ಲಿ ನಾನು ತುಂಬಬೇಕಾಗಿದ್ದ ಆ ಮನೆ ಈಗ ಕುರ್ಚಿ ಎಳೆದುಕೊಂಡು, ಕೆಮ್ಮಿಕೊಂಡು, ಜೀವಂತ ಕೂತು ನನ್ನನ್ನೇ ಕೇಳುತ್ತಿದೆ. ಒಂದು ನಾಡಿನ ಉನ್ನತ ಶಿಕ್ಷಣ ಸಮಸ್ತವೂ ಒಂದೇ ಕೋಣೆಯಲ್ಲಿ. ಹಿನ್ನೆಲೆಯಲ್ಲಿ ಕೋಳಿಯೂ ಇತ್ತು. ನಗು ಹೊಟ್ಟೆಯಿಂದ ಎದ್ದು ಬಂತು, ದಿಂಬನ್ನು ಎದೆಗೆ ಒತ್ತಿಕೊಂಡು ತಡೆದೆ.

ಹಡಗಿನ ವಿಷಯ ಕಲಿಸುವವರು, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಿದ್ದವರು, ಮೊದಲ ಪ್ರಶ್ನೆ ಕೇಳಿದರು. "ಸರಾಸರಿ ಅಂದ್ರೇನು ಅಂತ ಒಬ್ಬ ಮೀನು ಹಿಡಿಯೋನಿಗೆ ಹೇಳು ನೋಡೋಣ."

ಯೋಚಿಸಲು ಹೊತ್ತಿರಲಿಲ್ಲ. "ನಿನ್ನೆ ಬುಟ್ಟಿ ತುಂಬಾ ಸಿಕ್ತು, ಇವತ್ತು ಒಂದೂ ಸಿಗಲಿಲ್ಲ. ಸರಾಸರಿ ಎರಡು ದಿನವೂ ಅರ್ಧ ಬುಟ್ಟಿ ಸಿಕ್ಕಿದೆ ಅನ್ನುತ್ತೆ. ಅದನ್ನ ನಂಬಿಕೊಂಡು ಇವತ್ತು ಹೆಂಡತಿಗೆ ಒಲೆ ಹಚ್ಚು ಅಂತ ಹೇಳಬೇಡಿ," ಎಂದೆ.

ಕೋಣೆಗೆ ಕೋಣೆಯೇ ನಕ್ಕಿತು. ಮೇಜು ಬಡಿದ ಸದ್ದು ಬಂತು. ನನಗೂ ತಡೆಯಲಾಗಲಿಲ್ಲ. ಅಪರಿಚಿತರ ಜೊತೆ ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಆಮೇಲಿನ ಪ್ರಶ್ನೆಗಳೆಲ್ಲ ಪ್ರಶ್ನೆಗಳೇ ಆಗಿರಲಿಲ್ಲ. ಕೃಷಿಯವರು ನನಗೆ ಬಾಳೆಕಾಯಿ ಇಷ್ಟವೇ ಎಂದು ಕೇಳಿದರು. ಇಷ್ಟ ಎಂದೆ.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ಹಾಗಾದರೆ ಶಾಸ್ತ್ರ ಮುಗಿಸೋಣ. ಖಾಲಿ ಸೀಟಿದೆ ಅಂತ ಸರ್ಕಾರಕ್ಕೆ ತೋರಿಸಬೇಕು. ರಿಜಿಸ್ಟ್ರಾರ್, ಎಲ್ಲರೂ ಇಲ್ಲೇ ಇದ್ದಾರೆ, ಇನ್ನೊಂದು ಸಲ ಎಣಿಸಿ."

ರಿಜಿಸ್ಟ್ರಾರ್ ಗಟ್ಟಿಯಾಗಿ ಎಣಿಸಿದರು. ಮಂಜೂರಾದ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ. "ನೋಡಿ, ಒಂದು ಖಾಲಿ," ಎಂದರು ಸಂತೋಷದಿಂದ.

ಆಗ ಲೈನಿನ ಮೇಲೆ, ನನ್ನ ಕಿವಿಯ ಪಕ್ಕದಲ್ಲೇ ಎಂಬಂತೆ, ಮೂರನೆಯ ಧ್ವನಿಯೊಂದು ಇಂಗ್ಲಿಷಿನಲ್ಲಿ ಎದ್ದಿತು. ಹಿಂದೆ ಕುಕ್ಕರಿನ ಸೀಟಿ.

"ಎಕ್ಸ್‌ಕ್ಯೂಸ್ ಮಿ, ಮೇಡಂ. ನಿಮ್ಮನ್ನ ನೀವು ಎಣಿಸಿದಿರಾ?"

ಕೋಳಿಯೂ ಸುಮ್ಮನಾಯಿತು. "ಯಾರದು?" ಎಂದು ಪ್ರಿನ್ಸಿಪಾಲರು ಕೇಳಿದರು.

"ಹುಡುಗಿಯ ಚಿಕ್ಕಮ್ಮ. ಮೇಡಂ, ನಾನು ನಿಮ್ಮನ್ನ ಕೇಳ್ತಿರೋದು."

"ನಾನು ರಿಜಿಸ್ಟ್ರಾರ್," ಎಂದರು ಆಕೆ, ಅದೇ ಉತ್ತರವೆಂಬಂತೆ.

"ಪಾಠ ಮಾಡೋದೇ ಇಲ್ವಾ?"

"ಇಲ್ಲ... ಅಂದ್ರೆ, ಸಂಜೆ ಹೊತ್ತು ಪ್ರಬಂಧ ಬರೆಯೋದು ಹೇಳ್ಕೊಡ್ತೀನಿ. ಲೆಕ್ಕದ ಮೇಷ್ಟರು ಹೋದಾಗಿನಿಂದ. ಮಕ್ಕಳು ಸುಮ್ನೆ ಕೂತಿದ್ರಲ್ಲ ಅಂತ."

"ಅದನ್ನ ಸರ್ಕಾರಕ್ಕೆ ತಿಳಿಸಿದಿರಾ?"

"ತಿಳಿಸಿದೆ."

"ಆಯ್ತಲ್ಲ! ಅವರು ನಿಮ್ಮನ್ನ ಮೇಷ್ಟರ ಸೀಟಿಗೆ ಹಾಕಿದಾರೆ. ಅವರ ಲೆಕ್ಕದಲ್ಲಿ ನೀವು ಟೀಚರು. ನಿಮ್ಮ ಲೆಕ್ಕದಲ್ಲೇ ನೀವು ಇಲ್ಲ."

ಆ ಕೋಣೆಯಲ್ಲಿ ಎದ್ದ ಗದ್ದಲವನ್ನು ನಾನು ವರ್ಣಿಸಲಾರೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಡುವೆ ರಿಜಿಸ್ಟ್ರಾರ್ "ನಾನಾ? ನಾನು ಟೀಚರಾ?" ಎಂದು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ನನಗೆ ತಿಳಿದದ್ದು ಒಂದೇ. ಫ್ಯಾಕ್ಸ್ ಸರಿಯಾಗಿಯೇ ಇತ್ತು. ಸೀಟುಗಳೆಲ್ಲ ಭರ್ತಿ. ನನಗಾಗಿ ಖಾಲಿ ಇದ್ದ ಒಂದು, ಬಾಳೆಕಾಯಿ ಇಷ್ಟ ಎಂದು ಹೇಳಿ ಇನ್ನೂ ಉಸಿರು ಬಿಡುವಷ್ಟರಲ್ಲಿ, ಇಲ್ಲವಾಗಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಖಾಲಾ ಬಾಗಿಲು ತಳ್ಳಿ ಒಳಗೆ ಬಂದರು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಿರಿಯಾನಿ ಸೌಟು. ಗೆದ್ದವರ ಮುಖವಾಗಿರಲಿಲ್ಲ ಅದು. ನನ್ನ ಮುಖ ನೋಡಿ ಅವರು ಅಲ್ಲೇ ನಿಂತರು. ಸೌಟಿನಿಂದ ಒಂದು ಅಗುಳು ಕಾರ್ಪೆಟ್ಟಿನ ಮೇಲೆ ಬಿತ್ತು.

ಅಂಗೈಯಿಂದ ಫೋನಿನ ಬಾಯಿ ಮುಚ್ಚಿ ನಾನು ಮೆಲ್ಲಗೆ ಹೇಳಿದೆ. "ಖಾಲಾ, ನಮ್ಮ ಕೋಷ್ಟಕದಲ್ಲಿ ಎರಡನೇ ಕಲಂ ಒಂದಿದೆ. ಅರ್ಧ ಹೊತ್ತು ಕಲಿಸೋರನ್ನ ಅದರಲ್ಲಿ ಅರ್ಧ ಅಂತ ಹಿಡೀತೀವಿ. ಆದರೆ ನನ್ನ ಕೆಲಸದ ವಿಷಯ, ನಾನೇ ಹೇಗೆ ಹೇಳಲಿ?"

ಖಾಲಾ ನನ್ನನ್ನೇ ದಿಟ್ಟಿಸಿದರು. ಹಾಜರಿ ಪುಸ್ತಕ ತೆರೆದವರ ಹಾಗೆ ಅವರ ಬೆನ್ನು ನೆಟ್ಟಗಾಯಿತು. ಫೋನನ್ನು ಬಾಯಿಗೆ ತಂದರು.

"ಹಲೋ! ಎಲ್ಲರೂ ಒಂದು ನಿಮಿಷ ಸುಮ್ನಿರಿ." ಆ ಕಡೆಯ ಗದ್ದಲ ನಿಂತೇ ಹೋಯಿತು. "ನಿಮ್ಮಲ್ಲಿ ಅರ್ಧ ಹೊತ್ತು ಬರೋರು ಯಾರಿದೀರಿ, ಕೈ ಎತ್ತಿ."

ಕೈ ಎತ್ತಿದ್ದು ಇಲ್ಲಿಗೆ ಕಾಣುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರಿಜಿಸ್ಟ್ರಾರ್ ಹೇಳಿದರು. "ಕ್ಯಾಪ್ಟನ್ ಎತ್ತಿದಾರೆ. ವಾರದಲ್ಲಿ ಅರ್ಧ ದಿನಗಳು ದೋಣಿ ಮೇಲಿರ್ತಾರೆ. ನರ್ಸಮ್ಮ ಎತ್ತಿದಾರೆ. ಅರ್ಧ ಹೊತ್ತು ಆಸ್ಪತ್ರೆ."

"ಅವರಿಬ್ಬರೂ ಒಂದೊಂದು ಪೂರ್ತಿ ಸೀಟು ಹಿಡ್ಕೊಂಡು ಕೂತಿದಾರಾ? ನಮ್ಮ ಮೈಸೂರು ಸ್ಕೂಲಲ್ಲಿ ಡ್ರಿಲ್ ಮೇಷ್ಟರು ಅರ್ಧ, ಹೊಲಿಗೆ ಟೀಚರು ಅರ್ಧ, ಇಬ್ಬರಿಗೂ ಸೇರಿ ಒಂದು ಪೋಸ್ಟು. ಅರ್ಧ, ಅರ್ಧ, ಒಂದು. ಹೀಗೆ ಬರೆದು ಕಳಿಸಿ, ನಿಮಗೊಂದು ಸೀಟು ಉಳಿಯುತ್ತೆ."

"ನಾನು ಅರ್ಧವಾ?" ಎಂದರು ಕ್ಯಾಪ್ಟನ್, ನೊಂದ ಧ್ವನಿಯಲ್ಲಿ.

"ಪಾಠಕ್ಕೆ ಅರ್ಧ," ಎಂದಿತು ನರ್ಸಮ್ಮನ ಧ್ವನಿ. "ಊಟಕ್ಕೆ ಬಂದಾಗ ಎರಡು."

ಆ ಕಡೆಯವರು ನಕ್ಕರು. ನಾನು ನಕ್ಕೆ. ಸೌಟು ಹಿಡಿದುಕೊಂಡೇ ಖಾಲಾ ಹಾಸಿಗೆಯ ಮೇಲೆ ಕುಸಿದು ಕೂತು, ಅವರೂ ನಕ್ಕರು. ಪ್ರಿನ್ಸಿಪಾಲರು ಹಾಗೆಯೇ ಬರೆದು ಕಳಿಸುವುದಾಗಿ, ಸರ್ಕಾರ ಒಪ್ಪಿದ ಕೂಡಲೇ ತಿಳಿಸುವುದಾಗಿ ಹೇಳಿದರು. ಫೋನಿಡುವ ಮುಂಚೆ ರಿಜಿಸ್ಟ್ರಾರ್ ಖಾಲಾಳನ್ನು ಕೇಳಿದರು. "ಚಿಕ್ಕಮ್ಮ, ನೀವೂ ಟೀಚರಾ?"

"ಆಗಿದ್ದೆ," ಎಂದರು ಖಾಲಾ. ಮತ್ತೆ, "ಹೌದು," ಎಂದರು.

ಫೋನಿಟ್ಟ ಮೇಲೆ ಅವರ ನಗು ಮೆಲ್ಲಗೆ ನಿಂತಿತು. ಏನಾಯಿತೆಂಬುದು ಆಗಷ್ಟೇ ಅವರಿಗೆ ಅರ್ಥವಾದಂತಿತ್ತು. "ಯಾ ಅಲ್ಲಾ," ಎಂದರು. ಕೆಳಗೆ ನಿಂತು, ತೆರೆದ ಬಾಗಿಲಿನಿಂದ ಖಾಲಾಳ ಮಾತು ಕೇಳಿಸಿಕೊಂಡಿದ್ದ ಧಾರವಾಡದ ಅಂಕಲ್ ಮೆಟ್ಟಿಲ ಬುಡದಿಂದಲೇ ಕೂಗಿದರು.

"ಏನ್ ಅಕ್ಕಾರ, ನಿಮ್ಮ ಕೈಯಾರ ನೀವ ಸೀಟ್ ಹುಡುಕಿ ಕೊಟ್ರಲ್ಲ! ಇನ್ನ ಬ್ಯಾಡ ಅನ್ನೂದು ಹೆಂಗ?"

"ಸುಮ್ನಿರ್ರೀ, ನಿಮ್ಮ ಪಲಾವ್ ತಣ್ಣಗಾಗ್ತಿದೆ!" ಎಂದು ಖಾಲಾ ತಿರುಗಿ ಕೂಗಿದರು. ಆಮೇಲೆ ನನ್ನ ಕಡೆ ನೋಡದೆ, ಕಾರ್ಪೆಟ್ಟಿನ ಮೇಲಿನ ಅಗುಳನ್ನು ಹೆಕ್ಕುತ್ತಾ ಹೇಳಿದರು. "ನಿನ್ನ ಸೀಟು ತಪ್ಪಿಸ್ಬೇಕು ಅಂತ ಏನೂ ಇರ್ಲಿಲ್ಲ ಕಣೇ. ಆಯಮ್ಮ ದಿನಾ ಸಂಜೆ ಪಾಠ ಮಾಡ್ಕೊಂಡು, ತನ್ನನ್ನ ಬಿಟ್ಟು ಊರೋರನ್ನೆಲ್ಲ ಎಣಿಸ್ತಾಳಲ್ಲ. ಕೇಳಿ ಮೈ ಉರೀತು."

ತಟ್ಟೆಗಳ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವರೇ ಎದ್ದು, ಬಾಗಿಲ ಹತ್ತಿರ ನಿಂತು, "ನಿಮ್ಮಮ್ಮಿಗೆ ನಾನೇ ಫೋನ್ ಮಾಡ್ತೀನಿ," ಎಂದರು. "ಜ್ವರದ ಮಾತ್ರೆ ಮಾತ್ರ ಒಂದು ಡಬ್ಬ ತಗೊಂಡು ಹೋಗ್ತೀಯ. ಆ ನರ್ಸಮ್ಮನ್ನ ನಂಬ್ಕೊಂಡು ಕೂತ್ಕೋಬೇಡ. ಅವಳು ಅರ್ಧಾನೇ."

ಅದೇ ಹ್ಞೂಂ. ನಾನು ಮಂಚದ ಮೇಲೆ ಹತ್ತಿ ಒಂದು ಸಲ ಎಗರಿದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಬಾಗಿಲ ಸಂದಿಯಿಂದ ಖಾಲಾಳ ಮಗಳು, "ಓ ಮೈ ಗಾಡ್, ಯೂ ಜಂಪ್!" ಎಂದಳು.

ಸರ್ಕಾರ ಒಪ್ಪಿತು. ಪ್ರೊಫೆಸರರಿಗೆ ಸುದ್ದಿ ಹೇಳಿದಾಗ ಅವರು ಮತ್ತೆ ಕನ್ನಡಕ ತೆಗೆದರು. "ಅಂಕಿ ತಾ ಅಂತ ಕಳಿಸಿದರೆ ನೀನೇ ಅಂಕಿಯಾಗೋಕೆ ಹೊರಟೆಯಲ್ಲ! ಈಗ ಆ ಸಾಲಿನಲ್ಲಿ ಎಷ್ಟು ಅಂತ ಬರೆಯೋದು?" ಎಂದರು. ಆ ವರ್ಷದ್ದು ಎಷ್ಟಿತ್ತೋ ಅಷ್ಟು ಎಂದೆ. ರಿಜಿಸ್ಟ್ರಾರರನ್ನು ಸೇರಿಸಿ ಬರೆದೆ. ನನ್ನನ್ನು ಸೇರಿಸಲಿಲ್ಲ, ನಾನಿನ್ನೂ ಹೋಗಿರಲಿಲ್ಲ. ಎರಡನೆಯ ಕಲಂನಲ್ಲಿ ಅರ್ಧ, ಅರ್ಧ. ಕೋಷ್ಟಕದಲ್ಲಿ ಅಷ್ಟು ಖುಷಿಯಿಂದ ನಾನು ತುಂಬಿದ ಮನೆ ಇನ್ನೊಂದಿಲ್ಲ.

ಹೊರಡುವ ಮುಂಚಿನ ಭಾನುವಾರ ವಾಲ್‌ನಟ್‌ನಲ್ಲಿ ಊಟ. ನನ್ನ ಎರಡು ಸೂಟ್‌ಕೇಸುಗಳು ಬಾಗಿಲ ಬಳಿ ನಿಂತಿದ್ದವು. ಒಂದರಲ್ಲಿ ಬಟ್ಟೆ ಮತ್ತು ಪುಸ್ತಕ, ಇನ್ನೊಂದರಲ್ಲಿ ಖಾಲಾ ತುಂಬಿದ ಮಸಾಲೆಪುಡಿ, ಉಪ್ಪಿನಕಾಯಿ, ಮಾತ್ರೆ, ಒಂದು ಕುಕ್ಕರ್. ಧಾರವಾಡದ ಅಂಕಲ್ ಬೀಳ್ಕೊಡುಗೆಯೆಂದು ಖಡಕ್ ರೊಟ್ಟಿಯ ಕಟ್ಟು ತಂದಿದ್ದರು. ಖಾಲಾ ಕಪಾಟಿನಿಂದ ತಟ್ಟೆ ತೆಗೆದು ಎಣಿಸತೊಡಗಿದರು. ಖಾಲುಗೊಂದು, ಮಗಳಿಗೊಂದು, ಅಂಕಲ್‌ಗೊಂದು, ಆಂಟಿಗೊಂದು. ಸ್ವಲ್ಪ ತಡೆದು ಇನ್ನೊಂದನ್ನು ತೆಗೆದು, ಎಲ್ಲರಿಗೂ ಕೇಳುವಂತೆ, "ನನಗೊಂದು," ಎಂದರು.

"ಶಾಬ್ಬಾಸ್, ಅಕ್ಕಾರ!" ಎಂದು ಅಂಕಲ್ ಚಪ್ಪಾಳೆ ತಟ್ಟಿದರು. ಎಲ್ಲರೂ ನಗುತ್ತಾ ಕೂತರು. ಖಾಲಾ ಕೂಡ, ನಾನು ಕಂಡಂತೆ ಮೊದಲ ಸಲ, ಎಲ್ಲರ ಜೊತೆಯಲ್ಲೇ ಕೂತರು. ನಾನು ನೀರಿನ ಜಗ್ಗು ತಂದಿಟ್ಟು ನೋಡಿದರೆ ನನ್ನ ಜಾಗದಲ್ಲಿ ತಟ್ಟೆಯಿರಲಿಲ್ಲ.

"ನಿನ್ನ ತಟ್ಟೆ ಎಲ್ಲೇ?" ಎಂದರು ಖಾಲಾ.

"ನೀವು ತೆಗೀಲಿಲ್ಲ, ಖಾಲಾ."

ಅವರು ಮೇಜಿನ ಸುತ್ತ ಕಣ್ಣಾಡಿಸಿ ಮತ್ತೆ ಎಣಿಸಿದರು. ತುಟಿ ಮಾತ್ರ ಅಲುಗಾಡಿತು. "ನೀನು ಆಗ್ಲೇ ಹೋದ ಹಾಗೆ ಲೆಕ್ಕ ಹಾಕ್ಬಿಟ್ಟೆ ಕಣೇ," ಎಂದರು.

ಮಗಳು ತಟ್ಟೆ ತರಲು ಎದ್ದಳು. ಖಾಲಾ ಬೇಡ ಎಂದು ಕೈಸನ್ನೆ ಮಾಡಿ, ಕುರ್ಚಿಯಲ್ಲೇ ಪಕ್ಕಕ್ಕೆ ಸರಿದು, ನನ್ನ ತೋಳು ಹಿಡಿದು ಎಳೆದು ಕೂರಿಸಿಕೊಂಡರು. ತಮ್ಮ ತಟ್ಟೆಯ ಬಿರಿಯಾನಿಯ ನಡುವೆ ಬೆರಳಿನಿಂದ ಒಂದು ಗೆರೆ ಎಳೆದರು. "ಈ ಕಡೆ ಅರ್ಧ ನಿಂದು, ಆ ಕಡೆ ಅರ್ಧ ನಂದು. ತಿನ್ನು."

ಮಜ್ಜೆ ತುಂಬಿದ, ಬಿರಿಯಾನಿಯಲ್ಲೇ ರುಚಿಯಾದ ನಲ್ಲಿ ಮೂಳೆ ನನ್ನ ಅರ್ಧದಲ್ಲಿತ್ತು.